ಹಳ್ಳಿಯ ಮನೆಯ ಮಾರ್ಪಾಡು: ಅನುಮತಿ ಯಾರದು, ಏತಕ್ಕೆ?

ಮನೆ ನಮ್ಮದು, ನಿವೇಶನ ನಮ್ಮದು, ಹಾಕುವ ಹಣವೂ ನಮ್ಮದು. ಹೀಗಿರುವಾಗ ಒಂದು ಕೋಣೆ ಸೇರಿಸಲು ಬೇರೆಯವರ ಅಪ್ಪಣೆ ಏಕೆ? ನಗರದ ಅಂಚಿನ ಹಳ್ಳಿಗಳಲ್ಲಿ ಆಗಾಗ ಕೇಳಿಬರುವ ಪ್ರಶ್ನೆ ಇದು. ಉತ್ತರ ಹುಡುಕುವ ಮುನ್ನ ಮನೆ ಯಾರ ಎಲ್ಲೆಯೊಳಗೆ ಇದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಮೈಸೂರಿನ ಗೋಕುಲಂ ಬಡಾವಣೆಯನ್ನೇ ತೆಗೆದುಕೊಳ್ಳೋಣ. ಇದು ಮಹಾನಗರ ಪಾಲಿಕೆಗೆ ಸೇರಿದ್ದು. ಯೋಗ ಕಲಿಯಲು ಬರುವವರಿಗೆ ಬಾಡಿಗೆಗೆ ಕೊಡಲೆಂದು ಮಹಡಿಯ ಮೇಲೆ ಎರಡು ಕೋಣೆ ಕಟ್ಟುವುದಾದರೆ, 1976ರ ಪೌರ ನಿಗಮಗಳ ಅಧಿನಿಯಮದಂತೆ ಪಾಲಿಕೆಯ ಪರವಾನಗಿ ಬೇಕು. ಅಲ್ಲಿಂದ ಹುಣಸೂರು ರಸ್ತೆ ಹಿಡಿದರೆ ಹಿನಕಲ್, ಹೂಟಗಳ್ಳಿ ಸಿಗುತ್ತವೆ. 2020ರಲ್ಲಿ ಈ ಭಾಗದ ಗ್ರಾಮ ಪಂಚಾಯಿತಿಗಳನ್ನು ಸೇರಿಸಿ ಹೂಟಗಳ್ಳಿ ನಗರಸಭೆಯನ್ನು ರಚಿಸಲಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳು ಪಟ್ಟಣ ಪಂಚಾಯಿತಿಗಳಾದವು. ಮನೆ ಇದ್ದಲ್ಲೇ ಇದ್ದರೂ ಅನ್ವಯಿಸುವ ಕಾನೂನು ಬದಲಾಯಿತು. ಪಂಚಾಯತ್ ಕಾಯಿದೆಯ ಜಾಗಕ್ಕೆ 1964ರ ಪುರಸಭೆಗಳ ಕಾಯಿದೆ ಬಂದಿತು. ಮೈಸೂರು ಬೆಳೆಯುತ್ತಲೇ ಇರುವುದರಿಂದ ಎಲ್ಲೆಗಳು ಮತ್ತೆ ಬದಲಾಗಬಹುದು. ಹಳೆಯ ರಸೀದಿ ನೋಡಿ ಕಚೇರಿಯನ್ನು ನಿರ್ಧರಿಸುವುದು ಸರಿಯಲ್ಲ.

ಇನ್ನೂ ಗ್ರಾಮ ಪಂಚಾಯಿತಿಯಲ್ಲೇ ಉಳಿದಿರುವ ಊರುಗಳಿಗೆ 1993ರ ಪಂಚಾಯತ್ ರಾಜ್ ಅಧಿನಿಯಮ ಅನ್ವಯಿಸುತ್ತದೆ. ಅದರ 64ನೆಯ ಪ್ರಕರಣದಂತೆ ಹೊಸ ಮನೆ ಕಟ್ಟುವುದಕ್ಕೆ ಮಾತ್ರವಲ್ಲ, ಇರುವ ಮನೆಯನ್ನು ಮಾರ್ಪಡಿಸಲು, ಅದಕ್ಕೆ ಸೇರ್ಪಡೆ ಮಾಡಲು ಸಹ ಪಂಚಾಯಿತಿಯ ಲಿಖಿತ ಅನುಮತಿ ಅಗತ್ಯ. ಸದಸ್ಯರೊಬ್ಬರು ಬಾಯಿಮಾತಿನಲ್ಲಿ 'ಕಟ್ಟಿಕೊಳ್ಳಿ' ಎಂದರೆ ಅದು ಅನುಮತಿಯಾಗದು. ಕಂದಾಯ ಕಟ್ಟಿದ ರಸೀದಿಯೂ ಅನುಮತಿಯಲ್ಲ.

ಹಾಗಾದರೆ ಪ್ರತಿಯೊಂದು ಕೆಲಸಕ್ಕೂ ಅರ್ಜಿ ಹಾಕಬೇಕೆ? ಬೇಕಿಲ್ಲ. ಸುಣ್ಣಬಣ್ಣ, ಗಾರೆಯ ತೇಪೆ, ನೆಲಹಾಸು ಬದಲಾವಣೆ, ಒಡೆದ ಹೆಂಚು ಬದಲಿಸುವುದು ಇವೆಲ್ಲ ದುರಸ್ತಿಯ ಕೆಲಸಗಳು. ಇಂಥವಕ್ಕೆ ಪರವಾನಗಿ ಬೇಡವೆಂದೇ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೇಳುತ್ತದೆ. ಮನೆಯ ಅಳತೆ, ಎತ್ತರ, ಭಾರ ಹೊರುವ ಗೋಡೆ ಅಥವಾ ಬಳಕೆಯ ಉದ್ದೇಶ ಬದಲಾಗುವುದಾದರೆ ಮಾತ್ರ ವಿಷಯ ಬೇರೆ. ಜಗಲಿಯನ್ನು ಅಂಗಡಿ ಮಾಡುವುದು ಈ ಎರಡನೆಯ ಗುಂಪಿಗೆ ಸೇರುತ್ತದೆ.

ಈ ನಿಯಮ ಬರಿಯ ಕಾಗದದ ಕಾಟವಲ್ಲ. ಮಣ್ಣಿನ ಗೋಡೆಯ ಮೇಲಿನ ಮಂಗಳೂರು ಹೆಂಚಿನ ಮಾಡು, ರೀಪು ಸೇರಿ, ಚದರ ಮೀಟರಿಗೆ ಸುಮಾರು 65 ಕಿಲೋ ತೂಗುತ್ತದೆ. ನಾಲ್ಕು ಅಂಗುಲದ ಕಾಂಕ್ರೀಟ್ ತಾರಸಿಯ ತೂಕ ಸುಮಾರು 250 ಕಿಲೋ. 20 ಅಡಿಗೆ 15 ಅಡಿಯ ಕೋಣೆಯಲ್ಲಿ ಎರಡು ಟನ್ನಿಗೂ ಕಡಿಮೆ ಇದ್ದ ಭಾರ ಏಳು ಟನ್ನಿನಷ್ಟಾಗುತ್ತದೆ. ಹಳೆಯ ಗೋಡೆ, ತಳಪಾಯ ಅದನ್ನು ತಾಳಬಲ್ಲವೇ ಎಂದು ತಿಳಿದವರೊಬ್ಬರು ಪರೀಕ್ಷಿಸಲೇಬೇಕು. ಅದರ ಕೆಳಗೆ ಮಲಗುವವರು ನಮ್ಮ ಮಕ್ಕಳೇ ಅಲ್ಲವೇ?

ಮನೆ ನಿಂತಿರುವ ನೆಲದ ಪ್ರಶ್ನೆ ಇನ್ನೊಂದು. ಗ್ರಾಮಠಾಣದೊಳಗಿನ ನಿವೇಶನಕ್ಕೆ ಭೂಪರಿವರ್ತನೆಯ ಅಗತ್ಯವಿಲ್ಲ. ಸಾಗುವಳಿ ಜಮೀನಿನಲ್ಲಿ ವಾಸದ ಮನೆಯನ್ನು ವಿಸ್ತರಿಸುವುದಾದರೆ 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣವನ್ನು ನೋಡಬೇಕು. ಪರಿವರ್ತನೆಗೆ ಅನುಮತಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಯವರದು. ಊರು ನಗರದ ಯೋಜನಾ ಪ್ರದೇಶದೊಳಗೆ ಬಂದಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವೂ ಅನ್ವಯಿಸುತ್ತದೆ. ಪಂಚಾಯಿತಿಯ ಅನುಮತಿ ಇವುಗಳಿಗೆ ಬದಲಿಯಾಗದು. ಮನೆ ರಾಷ್ಟ್ರೀಯ ಹೆದ್ದಾರಿ 275ರ ಬದಿಗಿದ್ದರೆ ಬಿಡಬೇಕಾದ ಅಂತರವನ್ನೂ ವಿಚಾರಿಸಿಕೊಳ್ಳಬೇಕು.

ಅರ್ಜಿದಾರರು ಗಮನಿಸಬೇಕಾದ ಕೆಲವು ಅಂಶಗಳು:

ಮೊದಲು ಇ-ಸ್ವತ್ತು ದಾಖಲೆಯಲ್ಲಿ ಹೆಸರು, ಅಳತೆ, ಚಕ್ಕುಬಂದಿ ಸರಿಯಾಗಿವೆಯೇ ನೋಡಿ. ತಂದೆಯ ಕಾಲದ ಖಾತೆ ಬದಲಾಗದೆ ಉಳಿದಿದ್ದರೆ ಅದನ್ನು ಮುಂಚೆ ಸರಿಪಡಿಸಿಕೊಳ್ಳಿ.

ಈಗಿರುವ ಮನೆ ಮತ್ತು ಮಾಡಲಿರುವ ಬದಲಾವಣೆ ಎರಡನ್ನೂ ತೋರಿಸುವ ನಕ್ಷೆ ಸಿದ್ಧಪಡಿಸಿ.

ಅರ್ಜಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಕಚೇರಿಗೆ ಕೊಟ್ಟು, ದಿನಾಂಕ ನಮೂದಿಸಿದ ಸ್ವೀಕೃತಿಯನ್ನು ಪಡೆಯಿರಿ. ಅನುಮತಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ.

ಬ್ಯಾಂಕಿನ ಸಾಲಕ್ಕೆ ಹೋದಾಗ, ಮನೆ ಮಾರುವಾಗ, ಅಣ್ಣತಮ್ಮಂದಿರಲ್ಲಿ ಪಾಲಾಗುವಾಗ ಮೊದಲು ಹುಡುಕುವುದು ಈ ಕಾಗದಗಳನ್ನೇ. ಗೋಡೆ ಎದ್ದ ಮೇಲೆ ಅನುಮತಿಗೆ ಅಲೆಯುವುದಕ್ಕಿಂತ ಪಾಯ ತೋಡುವ ಮುನ್ನ ಒಂದೆರಡು ವಾರ ತಾಳುವುದು ಲೇಸು.