ಬಿದಿರುಮೆಳೆಯ ಐತಿಹ್ಯ ಮತ್ತು ಒಂದು ಆರ್ಕಿಡ್ ಹೂವು

ಸಸ್ಯೋದ್ಯಾನಗಳು ಸಸ್ಯಗಳನ್ನಷ್ಟೇ ಅಲ್ಲ, ಕಥನಗಳನ್ನೂ ಕಾಪಿಡುತ್ತವೆ. 1859ರಲ್ಲಿ ಸ್ಥಾಪನೆಗೊಂಡು 2015ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸಿಂಗಪುರದ ಸಸ್ಯೋದ್ಯಾನ ಇದಕ್ಕೊಂದು ನಿದರ್ಶನ. ಅದರೊಳಗೆ 1995ರಲ್ಲಿ ಆರಂಭವಾದ ರಾಷ್ಟ್ರೀಯ ಆರ್ಕಿಡ್ ಉದ್ಯಾನಕ್ಕೆ ಬರುವ ಸಂದರ್ಶಕರನ್ನು ವಿಶೇಷವಾಗಿ ಸೆಳೆಯುವುದು ಗಣ್ಯರ ಹೆಸರು ಹೊತ್ತ ತಳಿಗಳು ಹಾಗೂ ನಸುನೇರಳೆ ಬಣ್ಣದ ‘ವಾಂಡಾ ಮಿಸ್ ಜೋಕಿಮ್’. ಮೊದಲನೆಯದು 1950ರ ದಶಕದಲ್ಲಿ ಮೊದಲಾದ ರಾಜತಾಂತ್ರಿಕ ನಾಮಕರಣ. ಅದರಲ್ಲಿ ಗೂಢವಾದುದೇನೂ ಇಲ್ಲ. ಜಾನಪದ ವಿದ್ವಾಂಸರು ನಿಂತು ನೋಡಬೇಕಾದುದು ಎರಡನೆಯದನ್ನು.

ಆಗ್ನೆಸ್ ಜೋಕಿಮ್ ಸಿಂಗಪುರದ ಆರ್ಮೇನಿಯನ್ ಕುಟುಂಬವೊಂದರ ಮಗಳು. ತೋಟದಲ್ಲಿ ಅಡ್ಡಾಡುತ್ತಿದ್ದ ಆಕೆಗೆ ಬಿದಿರುಮೆಳೆಯ ನಡುವೆ ಈ ಹೂವು ಅಕಸ್ಮಾತ್ತಾಗಿ ಕಂಡಿತೆಂಬುದು 20ನೆಯ ಶತಮಾನದ ಉತ್ತರಾರ್ಧದಲ್ಲಿ ಬೇರೂರಿದ ಕಥೆ. ಆದರೆ ಉದ್ಯಾನದ ನಿರ್ದೇಶಕರಾಗಿದ್ದ ಹೆನ್ರಿ ರಿಡ್ಲಿ 1893ರಲ್ಲಿ ಪ್ರಕಟಿಸಿದ ವಿವರಣೆ ಬೇರೆಯೇ ಇದೆ: ವಾಂಡಾ ಹುಕೇರಿಯಾನಾ ಮತ್ತು ವಾಂಡಾ ಟೆರೆಸ್ ಪ್ರಭೇದಗಳನ್ನು ಆಕೆಯೇ ಸಂಕರಗೊಳಿಸಿ ಯಶಸ್ವಿಯಾದಳೆಂದು ಅವರು ಬರೆದಿದ್ದಾರೆ. ಇದು ಸುಲಭದ ಕೆಲಸವಲ್ಲ. ಆರ್ಕಿಡ್‌ನ ಪರಾಗ ಪುಡಿಯಾಗಿರದೆ ಮುದ್ದೆಯಾಗಿರುತ್ತದೆ. ಅದನ್ನು ಕೈಯಿಂದ ವರ್ಗಾಯಿಸಿ, ಕಾಯಿ ಬಲಿಯಲು ತಿಂಗಳುಗಟ್ಟಲೆ ಕಾಯಬೇಕು. ಧೂಳಿನಂತಹ ಬೀಜದಲ್ಲಿ ಆಹಾರಸಂಗ್ರಹವಿಲ್ಲ. ನಿಸರ್ಗದಲ್ಲಿ ಶಿಲೀಂಧ್ರದ ನೆರವಿಲ್ಲದೆ ಅದು ಮೊಳೆಯದು. ಸಕ್ಕರೆಯ ಮಾಧ್ಯಮದಲ್ಲಿ ಮೊಳೆಯಿಸುವ ವಿಧಾನವನ್ನು ನಡ್ಸನ್ ಪ್ರಕಟಿಸಿದ್ದು 1922ರಲ್ಲಿ; ಉದ್ಯಾನದ ತಳಿ ಕಾರ್ಯಕ್ರಮ ತೊಡಗಿದ್ದು 1928ರಲ್ಲಿ.

ಹೀಗಿದ್ದೂ ಬಿದಿರುಮೆಳೆಯ ಕಥೆ ಬಲಗೊಂಡದ್ದೇಕೆ? ಬಿದಿರಿನೊಳಗೆ ದೊರೆತ ರಾಜಕುಮಾರಿಯ ಆಶಯ ಮಲಯ ಕಥನಪರಂಪರೆಯಲ್ಲಿ ಸುಪರಿಚಿತ. ಹೂವಿನ ಕಥೆ ಅಲ್ಲಿಂದಲೇ ಹುಟ್ಟಿತೆನ್ನಲು ಆಧಾರವಿಲ್ಲವಾದರೂ, ಅದು ಕುಳಿತುಕೊಳ್ಳಲು ಅಚ್ಚು ಸಿದ್ಧವಿತ್ತು. ನಮ್ಮ ಮಲೆನಾಡಿನ ‘ಸೀತಾಳೆ ದಂಡೆ’ ಎಂಬ ಆರ್ಕಿಡ್ ಹೂವನ್ನು ಸೀತೆ ಮುಡಿದಳೆನ್ನುವ ನಂಬಿಕೆಯೂ ಹೂವನ್ನು ಹೆಣ್ಣಿನೊಂದಿಗೆ ಬೆಸೆಯುತ್ತದೆ. ಆದರೆ ಅದು ಯಾರ ಶ್ರಮವನ್ನೂ ಅಳಿಸುವುದಿಲ್ಲ. ಸಿಂಗಪುರದ ಐತಿಹ್ಯ ಅಳಿಸುತ್ತದೆ. ತಳಿಗಾರ್ತಿ ಅಲ್ಲಿ ಕೇವಲ ಕಂಡವಳಾಗುತ್ತಾಳೆ. ಕರ್ತೃತ್ವ ಅದೃಷ್ಟದ ಪಾಲಾಗುತ್ತದೆ. ಮನೆಯಂಗಳದ ತೋಟಗಾರಿಕೆಯನ್ನು ಹೆಂಗಸರ ಹೊತ್ತು ಕಳೆಯುವ ಹವ್ಯಾಸವೆಂದು ಬಗೆಯುವ ಮನೋಧರ್ಮಕ್ಕೆ ಇಂತಹ ಕಥೆ ಬೇಗ ಒಗ್ಗುತ್ತದೆ.

1981ರಲ್ಲಿ ಈ ಹೂವು ರಾಷ್ಟ್ರೀಯ ಪುಷ್ಪವಾಯಿತು. ಆಗ್ನೆಸ್‌ಳ ಕುಟುಂಬದವರೂ ಸಂಶೋಧಕರೂ ರಿಡ್ಲಿಯ ಬರಹವನ್ನು ಮುಂದಿಟ್ಟು ವಾದಿಸುತ್ತ ಬಂದರು. ಆಕೆಯೇ ಈ ತಳಿಯನ್ನು ಸೃಷ್ಟಿಸಿದವಳೆಂಬ ಅಧಿಕೃತ ಮನ್ನಣೆ ದೊರೆತದ್ದು 2016ರಲ್ಲಿ. ಇದೇ ಹೂವಿಗಾಗಿ ಪುಷ್ಪಪ್ರದರ್ಶನದಲ್ಲಿ ಬಹುಮಾನ ಪಡೆದ 1899ರಲ್ಲೇ ಆಕೆ ತೀರಿಕೊಂಡಿದ್ದಳು.