ಮೂಗಿಗಿಂತ ಮೂಗುತಿ ಭಾರ

ಪೆಟ್ರೋಲ್ ಬೆಲೆ, ಟೋಲ್, ರಸ್ತೆ ಗುಂಡಿ, ಯಾವುದರ ಬಗ್ಗೆ ಕಾರ್ಯಕ್ರಮ ಮಾಡಿದರೂ ಆ ದಿನ ಒಂದು ಪ್ರಶ್ನೆ ಬಂದೇ ಬರುತ್ತೆ. ‘ಸರ್, ನೀವು ಇಂಜಿನಿಯರಿಂಗ್ ಓದಿದವರು. 8 ಲಕ್ಷಕ್ಕೆ ಹೊಸ ಸಣ್ಣ ಕಾರು ತಗೊಳ್ಳೋದೋ, ಅದೇ ದುಡ್ಡಿಗೆ ಹಳೇ ಜರ್ಮನ್ ಕಾರು ತಗೊಳ್ಳೋದೋ?’ ಮೊನ್ನೆ ದಾವಣಗೆರೆಯ ವೀಕ್ಷಕರೊಬ್ಬರು ಇದನ್ನೇ ಕೇಳಿದರು. ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾರೆ. ಮಗಳ ಕಾಲೇಜಿಗೆ ಅಂತ ಕೂಡಿಟ್ಟ ದುಡ್ಡು. ಬ್ರೋಕರ್ ಎರಡು ದಿನದಲ್ಲಿ ಅಡ್ವಾನ್ಸ್ ಕೊಡಿ ಅಂತ ಕೂತಿದ್ದಾನೆ. ಇದು ಶೋಕಿಯ ಪ್ರಶ್ನೆ ಅಂತ ನಕ್ಕು ಬಿಡೋ ಹಾಗಿಲ್ಲ. ಒಂದು ಮನೆಯ ಲೆಕ್ಕಾಚಾರ ಇದರ ಮೇಲೆ ನಿಂತಿದೆ.

ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. ಆಸೆ ತಪ್ಪಲ್ಲ. ಈ ಕಾರುಗಳು ನಿಜಕ್ಕೂ ಚೆನ್ನಾಗಿರುತ್ತವೆ. ಬಾಗಿಲು ಹಾಕಿದರೆ ಸದ್ದೇ ಬೇರೆ. ಹೈವೇಲಿ ನೂರರ ವೇಗದಲ್ಲೂ ನೆಲ ಕಚ್ಚಿಕೊಂಡು ಓಡುತ್ತವೆ. ಬ್ರೇಕ್ ಒತ್ತಿದರೆ ನಿಲ್ಲುತ್ತವೆ. ಹಾಗಾದರೆ 35 ಲಕ್ಷದ ಕಾರು 8 ಲಕ್ಷಕ್ಕೆ ಯಾಕೆ ಸಿಗುತ್ತೆ? ಮಾರೋನು ಧರ್ಮಾತ್ಮ ಅಂತಲ್ಲ. ಮುಂದೆ ಬರೋ ಖರ್ಚು ಅವನಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಅಷ್ಟೇ.

ಇಡೀ ವಿಷಯ ಒಂದೇ ಸಾಲಿನಲ್ಲಿದೆ ನೋಡಿ. ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತೆ, ಅದರ ಬಿಡಿಭಾಗದ ಬೆಲೆ ಇಳಿಯೋದಿಲ್ಲ. ನೀವು ಕೊಟ್ಟಿದ್ದು 8 ಲಕ್ಷವೇ ಇರಬಹುದು, ಆದರೆ ಗ್ಯಾರೇಜಿನಲ್ಲಿ ಬಿಲ್ ಬರೋದು 35 ಲಕ್ಷದ ಕಾರಿನ ಲೆಕ್ಕದಲ್ಲಿ. ನಮ್ಮ ಹಿರಿಯರು ಮೂಗಿಗಿಂತ ಮೂಗುತಿ ಭಾರ ಅಂದಿದ್ದು ಇದಕ್ಕೇ.

ಹಾಗಂತ ಎಲ್ಲ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಯಾವ ಇಂಜಿನ್, ಯಾವ ಗೇರ್‌ಬಾಕ್ಸ್ ಅನ್ನೋದು ಬ್ರ್ಯಾಂಡ್ ಹೆಸರಿಗಿಂತ ಮುಖ್ಯ.

ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ ಡಿಎಸ್‌ಜಿ ಗೇರ್‌ಬಾಕ್ಸ್ ತಗೊಳ್ಳಿ. ಹೆಸರು ಒಂದೇ, ಒಳಗೆ ಬೇರೆ ಬೇರೆ. ಪೋಲೊ ಜಿಟಿ ಟಿಎಸ್‌ಐನಲ್ಲಿ ಬಂದದ್ದು 7 ಗೇರಿನ ಡಿಕ್ಯು200. ಇದರ ಎರಡೂ ಕ್ಲಚ್ ಒಣ ಕ್ಲಚ್, ಅಂದರೆ ಅವುಗಳನ್ನು ತಣ್ಣಗಿಡೋಕೆ ಎಣ್ಣೆ ಇಲ್ಲ. ಸಿಲ್ಕ್ ಬೋರ್ಡ್‌ನಂಥ ಜಾಗದಲ್ಲಿ ಅರ್ಧ ಗಂಟೆ ಇಂಚಿಂಚೇ ಮುಂದೆ ಹೋದರೆ ಕ್ಲಚ್ ಬಿಸಿಯಾಗುತ್ತೆ, ಸವೆಯುತ್ತೆ. ಅದನ್ನು ನಿಯಂತ್ರಿಸೋ ಮೆಕಾಟ್ರಾನಿಕ್ ಅನ್ನೋ ಘಟಕ ಕೆಟ್ಟರೆ ಖರ್ಚು ದೊಡ್ಡದು. 2013ರಲ್ಲಿ ಚೀನಾದಲ್ಲಿ ಇದೇ ಗೇರ್‌ಬಾಕ್ಸ್ ದೂರುಗಳಿಂದ ಕಂಪನಿ 3.84 ಲಕ್ಷಕ್ಕೂ ಹೆಚ್ಚು ಕಾರು ವಾಪಸ್ ಕರೆಸಬೇಕಾಯಿತು. ಇನ್ನೊಂದು, 6 ಗೇರಿನ ಡಿಕ್ಯು250. ಇದರ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತೆ, ಗಟ್ಟಿ. ಆದರೆ ಸುಮಾರು 60 ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿರಬೇಕು. ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಬಿಎಂಡಬ್ಲ್ಯು 2 ಲೀಟರ್ ಡೀಸೆಲ್‌ಗೆ ಬರೋಣ. 2007ರಿಂದ ಬಂದ ಎನ್47 ಇಂಜಿನ್‌ನಲ್ಲಿ ಟೈಮಿಂಗ್ ಚೈನ್ ಇರೋದು ಮುಂದುಗಡೆ ಅಲ್ಲ, ಹಿಂದೆ, ಗೇರ್‌ಬಾಕ್ಸ್ ಕಡೆ. ಚೈನಿನ ಬೆಲೆಯೇನೂ ಅಂಥ ಭಾರಿ ಅಲ್ಲ. ಆದರೆ ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಎಷ್ಟೋ ಸಲ ಇಂಜಿನ್ನೇ ಇಳಿಸಬೇಕು. ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಹಿಂಭಾಗದಿಂದ ಸರಪಳಿ ಎಳೆದಂಥ ಗರಗರ ಸದ್ದು ಬಂದರೆ ಮುಂದೆ ಮಾತಾಡಬೇಡಿ. ಮಾರೋನು ನೀವು ಬರೋ ಮೊದಲೇ ಇಂಜಿನ್ ಬಿಸಿ ಮಾಡಿ ಇಟ್ಟಿದ್ದಾನಾ? ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ‘ನಾಳೆ ಬೆಳಗ್ಗೆ ಬರ್ತೀನಿ’ ಅಂತ ಹೇಳಿ ಬನ್ನಿ.

ಇನ್ನು ಫಿಯೆಟ್. ಕಂಪನಿ ನಮ್ಮಲ್ಲಿ ಪುಂಟೊ, ಲಿನಿಯಾ ಮಾರೋದು ನಿಲ್ಲಿಸಿ ವರ್ಷಗಳಾದವು. ಆದರೆ ಅದರ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಇಂಜಿನ್ ಸ್ವಿಫ್ಟ್‌ನಲ್ಲೂ ಇತ್ತು, ಟಾಟಾ ಕಾರುಗಳಲ್ಲೂ ಇತ್ತು. ಹಾಗಾಗಿ ಇಂಜಿನ್ ಸಾಮಾನು ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತೆ, ರಿಪೇರಿ ಗೊತ್ತಿರೋ ಮೇಸ್ತ್ರಿಯೂ ಸಿಗ್ತಾನೆ. ತಾಪತ್ರಯ ಇರೋದು ಹೆಡ್‌ಲೈಟ್, ಬಂಪರ್, ಗಾಜಿನದ್ದು. ಇಂಜಿನ್ ಬದುಕುತ್ತೆ, ಮೈ ಸಿಗಲ್ಲ. ಇದನ್ನು ನೆನಪಿಡಿ: ಇಲ್ಲೇ ತಯಾರಾಗಿ ಸಾವಿರಾರು ಸಂಖ್ಯೆಯಲ್ಲಿ ಓಡಿದ ಕಾರು ಬೇರೆ, ಅಲ್ಲೊಂದು ಇಲ್ಲೊಂದು ಬಂದ ಇಂಪೋರ್ಟೆಡ್ ಕಾರು ಬೇರೆ.

ಬಿಡಿಭಾಗ ಕೊಳ್ಳೋದರಲ್ಲೂ ಒಂದು ಉಪಾಯ ಇದೆ. ಕಾರ್ ಕಂಪನಿ ಎಲ್ಲವನ್ನೂ ತಾನೇ ಮಾಡಲ್ಲ. ಎಷ್ಟೋ ಇಂಜೆಕ್ಟರ್, ಸೆನ್ಸರ್ ಬಾಷ್‌ನದ್ದು. ಬೆಂಗಳೂರಿನ ಹಳಬರು ಆಡುಗೋಡಿಯ ‘ಮೈಕೊ’ ಅಂತಾರಲ್ಲ, ಅದೇ ಬಾಷ್. ಕಾರ್ ಕಂಪನಿಯ ಡಬ್ಬದಲ್ಲಿ ಒಂದು ಬೆಲೆ, ತಯಾರಕರ ಡಬ್ಬದಲ್ಲಿ ಕಡಿಮೆ ಬೆಲೆ. ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಕಾರು ನೋಡೋಕೆ ಹೋಗೋ ಮುಂಚೆ ವಿಚಾರಿಸಿ, ಕೊಂಡ ಮೇಲಲ್ಲ. ಕ್ಲಚ್, ಇಂಜೆಕ್ಟರ್, ಸಸ್ಪೆನ್ಷನ್ ಆರ್ಮ್, ಎ.ಸಿ. ಕಂಪ್ರೆಸರ್, ಟೈರು, ಈ ಐದರ ಬೆಲೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಚೀಟಿ ನೋಡಿಯೂ ಧೈರ್ಯ ಉಳಿದಿದ್ದರೆ ಮುಂದಿನ ಮಾತು.

ಮುಂದಿನ ಮಾತು ಕಾಗದದ್ದು. ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ವಾಹನ ಓಡಿಸಬಾರದು ಅಂತ 2015ರಲ್ಲಿ ಎನ್‌ಜಿಟಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಆಮೇಲಿನ ಆದೇಶಗಳಲ್ಲಿ ಒಂದಿಷ್ಟು ಸಡಿಲವೂ ಆಗಿದೆ. ಆದರೆ ಅಲ್ಲಿ ಬೆಲೆ ಬಿದ್ದ ಕಾರುಗಳು ನಮ್ಮ ಕಡೆ ಹರಿದು ಬಂದವು. ದೆಹಲಿ ಕಾರು ಅಗ್ಗ ಅಂತ ಬ್ರೋಕರ್ ಹೇಳೋದು ಸುಳ್ಳಲ್ಲ. ಅವನು ಹೇಳದೇ ಇರೋದು ಜೀವಾವಧಿ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಶೇ. 18, ಅದರ ಮೇಲೆ ಸೆಸ್. ಹೊರರಾಜ್ಯದ ಹಳೇ ಕಾರಿಗೆ ವಯಸ್ಸಿನ ಪ್ರಕಾರ ರಿಯಾಯಿತಿ ಇದೆ, ಆದರೆ ಲೆಕ್ಕ ಶುರುವಾಗೋದು ನೀವು ಕೊಟ್ಟ ದುಡ್ಡಿನಿಂದಲ್ಲ, ಆ ಕಾರು ಹೊಸದಿದ್ದಾಗಿನ ಬೆಲೆಯಿಂದ. ಎನ್‌ಒಸಿ ಇಲ್ಲದೆ, ಪಾಂಡಿಚೇರಿ ನಂಬರಿನಲ್ಲೇ ಓಡಿಸಿಕೊಂಡಿರಿ ಅನ್ನೋ ಸಲಹೆ ಕೇಳಬೇಡಿ. ಸಾರಿಗೆ ಇಲಾಖೆಯವರು ಅಂಥ ಐಷಾರಾಮಿ ಕಾರುಗಳನ್ನು ರಸ್ತೆಯಲ್ಲೇ ಹಿಡಿದು ತಗೊಂಡು ಹೋಗಿದ್ದನ್ನು ನಮ್ಮ ಚಾನೆಲ್‌ನಲ್ಲೇ ತೋರಿಸಿದ್ದೇವೆ. ನಮ್ಮ ರಾಜ್ಯದ ಕಾರೇ ಆದರೂ ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಎಷ್ಟನೇ ಮಾಲೀಕ, ಸಾಲ ತೀರಿದೆಯಾ, ಎಲ್ಲ ಅದರಲ್ಲಿರುತ್ತೆ. ಕಾರಿಗೆ 15 ವರ್ಷ ಹತ್ತಿರವಾಗಿದ್ದರೆ ಮರುನೋಂದಣಿ ಖರ್ಚೂ ಸೇರಿಸಿ. 2022ರ ಏಪ್ರಿಲ್‌ನಿಂದ ಸಾಮಾನ್ಯ ಕಾರಿಗೆ 5 ಸಾವಿರ, ಇಂಪೋರ್ಟೆಡ್ ಕಾರಿಗೆ 40 ಸಾವಿರ ಆಯಿತು.

ಈಗ ಪ್ರಾಣಕ್ಕೆ ಸಂಬಂಧಿಸಿದ್ದು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಮಳೆ ನೀರು ನುಗ್ಗಿ, ವಿಲ್ಲಾಗಳ ಮುಂದೆ ಕೋಟಿ ಬೆಲೆಯ ಕಾರುಗಳು ಮುಳುಗಿದ್ದನ್ನು ಇಡೀ ದೇಶ ನೋಡಿತು. ಮುಳುಗಿದ ಕಾರೆಲ್ಲ ಗುಜರಿಗೆ ಹೋಗಲ್ಲ. ವಿಮೆ ಕಂಪನಿ ಹರಾಜು ಹಾಕುತ್ತೆ, ಯಾರೋ ತೊಳೆದು ಪಾಲಿಶ್ ಹಾಕಿ ಮಾರ್ತಾರೆ. ಯುರೋಪಿನ ಎಷ್ಟೋ ಕಾರುಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಸೀಟಿನ ಕೆಳಗೆ, ಕಾರ್ಪೆಟ್ ಅಡಿಯಲ್ಲಿ, ಡಿಕ್ಕಿಯ ತಳದಲ್ಲಿ ಇರುತ್ತವೆ. ನೀರು ಕುಡಿದ ಕನೆಕ್ಟರ್ ಆರು ತಿಂಗಳು ಸುಮ್ಮನಿದ್ದು ಆಮೇಲೆ ಕೈಕೊಡುತ್ತೆ. ಸೀಟ್ ಬೆಲ್ಟ್ ಪೂರ್ತಿ ಎಳೆದು ಕೊನೇ ಅಡಿಯಲ್ಲಿ ಕೆಸರಿನ ಕಲೆ ಇದೆಯಾ ನೋಡಿ. ಸೀಟಿನ ಕಂಬಿಗೆ ತುಕ್ಕು ಹಿಡಿದಿದೆಯಾ ನೋಡಿ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಲೇ ಇಲ್ಲ ಅಂದರೆ ಅದನ್ನು ಕಿತ್ತಿದ್ದಾರೆ ಅನ್ನೋ ಅನುಮಾನ ಇಟ್ಟುಕೊಳ್ಳಿ. ಒಮ್ಮೆ ಸಿಡಿದ ಏರ್‌ಬ್ಯಾಗ್ ಹಾಕಿಸದೆ ದೀಪ ಮಾತ್ರ ಸರಿ ಮಾಡಿ ಮಾರೋರು ಇದ್ದಾರೆ. ಸುರಕ್ಷತೆಗೆ ಅಂತ ದೊಡ್ಡ ಕಾರು ಕೊಂಡು, ಒಳಗೆ ಏರ್‌ಬ್ಯಾಗೇ ಇಲ್ಲದಿದ್ದರೆ?

ಪೆಟ್ರೋಲ್ ಕಾರಾದರೆ ಇನ್ನೊಂದು ಮಾತು. ಶೇ. 20 ಎಥೆನಾಲ್ ಇರೋ ಇ20 ಪೆಟ್ರೋಲ್‌ಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಹಳೇ ಕಾರುಗಳ ರಬ್ಬರ್ ಪೈಪ್, ಸೀಲ್‌ಗಳನ್ನು ಇದಕ್ಕೆ ಅಂತ ಮಾಡಿರಲಿಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತೆ, ರಬ್ಬರ್ ಭಾಗ ಬೇಗ ಬದಲಿಸಬೇಕಾಗಬಹುದು. ಅದನ್ನೂ ಚೀಟಿಗೆ ಸೇರಿಸಿ.

ಹಾಗಾದರೆ ಯಾರು ಕೊಳ್ಳಬಹುದು? ನನ್ನ ಲೆಕ್ಕ ಸರಳ. ಕೈಯಲ್ಲಿ 8 ಲಕ್ಷ ಇದ್ದರೆ ಕಾರಿಗೆ 6 ಲಕ್ಷ ಮೀರಬೇಡಿ, 2 ಲಕ್ಷ ರಿಪೇರಿಗೆ ಅಂತ ಬ್ಯಾಂಕಿನಲ್ಲಿರಲಿ. ಆ 2 ಲಕ್ಷ ನಾಳೆ ಖರ್ಚಾದರೂ ಮನೆಯಲ್ಲಿ ಯಾವ ಕೆಲಸವೂ ನಿಲ್ಲಬಾರದು. ಇದರ ಜೊತೆಗೆ ಓಡಾಟಕ್ಕೆ ಇನ್ನೊಂದು ಗಾಡಿ ಇರಬೇಕು, ಯಾಕಂದರೆ ಬಿಡಿಭಾಗಕ್ಕೆ ಮೂರು ವಾರ ಕಾಯೋದು ಹೊಸತಲ್ಲ. ನಿಮ್ಮೂರಿನಿಂದ ಒಂದು ಗಂಟೆ ದಾರಿಯೊಳಗೆ ಆ ಬ್ರ್ಯಾಂಡಿನ ಸ್ಕ್ಯಾನರ್ ಇಟ್ಟುಕೊಂಡ ಮೆಕ್ಯಾನಿಕ್ ಇರಬೇಕು. ಮೂರೂ ಇದ್ದರೆ ಧಾರಾಳವಾಗಿ ತಗೊಳ್ಳಿ, ಖುಷಿಯಾಗಿ ಓಡಿಸಿ. ಒಂದು ಇಲ್ಲದಿದ್ದರೂ ಬೇಡ.

ದಾವಣಗೆರೆಯವರಿಗೆ ನಾನು ಹೇಳಿದ್ದೂ ಇದೇ. ಮಗಳ ಫೀಸಿನ ದುಡ್ಡಿಗೆ ಇನ್ನೊಂದು ಹೆಸರು ಇಡಬೇಡಿ ಸಾರ್. ಆಸೆ ಉಳಿಯಲಿ, ಎರಡು ವರ್ಷ ಬಿಟ್ಟು ಅಂಗಡಿಯ ಲಾಭದಲ್ಲಿ ನೋಡೋಣ. ಇಂಥ ಕಾರು ಆಗಲೂ ಸಿಗುತ್ತೆ, ಇನ್ನೂ ಕಡಿಮೆಗೆ ಸಿಗುತ್ತೆ.

ಇಷ್ಟರ ಮೇಲೂ ಕೊಳ್ಳಲೇಬೇಕು ಅಂತ ಹೊರಟವರಿಗೆ ಒಂದು ಪರೀಕ್ಷೆ ಕೊಡ್ತೀನಿ. ಅಡ್ವಾನ್ಸ್ ಕೊಡೋ ಮುಂಚೆ ಮಾರೋನ ಹತ್ತಿರ, ‘ನನ್ನ ಮೆಕ್ಯಾನಿಕ್ ಹತ್ತಿರ ತೋರಿಸ್ತೀನಿ, ಅರ್ಧ ದಿನ ಗಾಡಿ ಕೊಡಿ, ಬೇಕಾದರೆ ನೀವೂ ಜೊತೆಗೆ ಬನ್ನಿ’ ಅಂತ ಕೇಳಿ. ಸರಿ ಅಂದರೆ ಬೆಲೆ ಮಾತಾಡಿ. ‘ಇನ್ನೊಂದು ಪಾರ್ಟಿ ರೆಡಿ ಇದೆ’ ಅಂದರೆ ಆ ಪಾರ್ಟಿಗೇ ಬಿಟ್ಟುಕೊಡಿ.