ಕಲ್ಲು ಪಿತ್ತಕೋಶದಲ್ಲಿ, ನೋವು ಕರುಳಿನಲ್ಲಿ?

ಹೊಟ್ಟೆನೋವಿಗೆ ಕಾರಣ ಹುಡುಕಲು ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲು ಕಾಣಿಸಿಕೊಂಡಾಗ, ಅಂತೂ ನೋವಿನ ಮೂಲ ಸಿಕ್ಕಿತೆಂಬ ಸಮಾಧಾನ ರೋಗಿಗೂ ಮನೆಯವರಿಗೂ ಉಂಟಾಗುವುದು ಸಹಜ. ಆದರೆ ವರ್ಷಗಳಿಂದ ಹೊಟ್ಟೆಯುಬ್ಬರ, ಭೇದಿ, ಮಲಬದ್ಧತೆಗಳ ನಡುವೆ ತೊಳಲಾಡುತ್ತಿರುವವರಲ್ಲಿ ಈ ಸಮಾಧಾನ ಅವಸರದ್ದಾಗುವ ಸಾಧ್ಯತೆಯಿದೆ. ಕಲ್ಲು ಪಿತ್ತಕೋಶದಲ್ಲಿದ್ದರೂ ನೋವು ಕರುಳಿನದ್ದಾಗಿರಬಹುದು. ಇಲ್ಲವೇ ಎರಡೂ ತೊಂದರೆಗಳು ಒಬ್ಬರಲ್ಲೇ ಇದ್ದು, ಒಂದರ ಲಕ್ಷಣ ಇನ್ನೊಂದರ ಲೆಕ್ಕಕ್ಕೆ ಸೇರಿಹೋಗಿರಬಹುದು. ಕೆರಳುವ ಕರುಳಿನ ಸಂಲಕ್ಷಣ, ಅಂದರೆ ಆಸ್ಪತ್ರೆಯ ಚೀಟಿಗಳಲ್ಲಿ ‘ಐಬಿಎಸ್’ ಎಂದು ಬರೆಯಲಾಗುವ ಸ್ಥಿತಿ ಇರುವವರ ಪಿತ್ತಕೋಶದ ಬಗ್ಗೆ ವೈದ್ಯಲೋಕ ಕೆಲವು ದಶಕಗಳಿಂದ ಕೇಳಿಕೊಳ್ಳುತ್ತಿರುವ ಮುಖ್ಯ ಪ್ರಶ್ನೆ ಇದೇ ಆಗಿದೆ. ಕೇರಳದ ಕಾಸರಗೋಡು ಜಿಲ್ಲೆಯ ಉತ್ತರ ತುದಿಯಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಲ್ಲಿರುವ ಹೊಸಂಗಡಿಯಂಥ ಊರಿನಲ್ಲಿ, ಮನೆ ಒಂದು ರಾಜ್ಯದಲ್ಲೂ ತಜ್ಞವೈದ್ಯರು ಇನ್ನೊಂದು ರಾಜ್ಯದಲ್ಲೂ ಇರುವುದರಿಂದ, ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಇನ್ನಷ್ಟು ಜಟಿಲವಾಗುತ್ತದೆ.

ಒಂದೇ ಊಟಕ್ಕೆ ಎರಡು ಪ್ರತಿಕ್ರಿಯೆ

ಯಕೃತ್ತು ದಿನವೊಂದಕ್ಕೆ ಸುಮಾರು ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ತಯಾರಿಸುತ್ತದೆ. ಅದರ ಕೆಳಭಾಗಕ್ಕೆ ಅಂಟಿಕೊಂಡಂತಿರುವ, 30ರಿಂದ 50 ಮಿಲಿಲೀಟರ್ ಹಿಡಿಸುವ ಸಣ್ಣ ಚೀಲವೇ ಪಿತ್ತಕೋಶ. ಇಲ್ಲಿ ಪಿತ್ತರಸದ ನೀರಿನಂಶ ಹೀರಲ್ಪಟ್ಟು ಅದು ಗಟ್ಟಿಯಾಗುತ್ತದೆ, ಮುಂದಿನ ಊಟದವರೆಗೆ ಅಲ್ಲೇ ಉಳಿಯುತ್ತದೆ. ಜಿಡ್ಡಿನ ಆಹಾರ ಸಣ್ಣಕರುಳಿನ ಮೊದಲ ಭಾಗವನ್ನು ತಲುಪಿದೊಡನೆ ಕರುಳಿನ ಒಳಪದರದಿಂದ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಐವಿ ಮತ್ತು ಓಲ್ಡ್‌ಬರ್ಗ್ ಎಂಬ ವಿಜ್ಞಾನಿಗಳು 1928ರಲ್ಲಿ ಗುರುತಿಸಿದ ಈ ಹಾರ್ಮೋನು ಪಿತ್ತಕೋಶವನ್ನು ಸಂಕುಚಿಸುವಂತೆ ಮಾಡುತ್ತದೆ ಮತ್ತು ಪಿತ್ತನಾಳದ ತುದಿಯಲ್ಲಿರುವ ‘ಓಡಿ’ ಎಂಬ ಹೆಸರಿನ ಸ್ನಾಯುಬಳೆಯನ್ನು ಸಡಿಲಿಸಿ ಪಿತ್ತರಸಕ್ಕೆ ದಾರಿ ಬಿಡುತ್ತದೆ.

ಊಟಕ್ಕೆ ಸ್ಪಂದಿಸುವುದು ಪಿತ್ತಕೋಶ ಮಾತ್ರವೇ ಆಗಿದ್ದರೆ ವೈದ್ಯರ ಕೆಲಸ ಸುಲಭವಾಗುತ್ತಿತ್ತು. ಅದೇ ಊಟಕ್ಕೆ ದೊಡ್ಡಕರುಳೂ ಚಲನೆಯಿಂದ ಉತ್ತರಿಸುತ್ತದೆ; ಐಬಿಎಸ್ ಇರುವವರಲ್ಲಿ ಈ ಚಲನೆ ತೀವ್ರವಾಗಿರುವುದುಂಟು, ಜೊತೆಗೆ ಸಾಮಾನ್ಯ ಮಟ್ಟದ ಹಿಗ್ಗುವಿಕೆಯನ್ನೂ ಅವರ ನರವ್ಯವಸ್ಥೆ ನೋವಾಗಿ ಗ್ರಹಿಸುತ್ತದೆ. ಹೀಗಾಗಿ ಮದುವೆಮನೆಯ ಬಿರಿಯಾನಿಯನ್ನೋ ಸಂಜೆಯ ಗೋಳಿಬಜೆಯನ್ನೋ ತಿಂದ ಮೇಲೆ ಹೊಟ್ಟೆನೋವು ಬಂದಿತೆಂಬ ಒಂದೇ ಮಾತಿನಿಂದ ತಪ್ಪು ಯಾವ ಅಂಗದ್ದೆಂದು ಹೇಳಲಾಗದು. ಐಬಿಎಸ್ ಇರುವವರ ಪಿತ್ತಕೋಶವೇ ಬೇರೆ ಬಗೆಯಲ್ಲಿ ಸಂಕುಚಿಸುತ್ತದೆಯೇ ಎಂದು ಪರೀಕ್ಷಿಸಿದ ಅಧ್ಯಯನಗಳೂ ಏಕರೂಪದ ಉತ್ತರ ನೀಡಿಲ್ಲ: ಕೆಲವರಲ್ಲಿ ಸಂಕೋಚನ ಹೆಚ್ಚಾಗಿಯೂ ಕೆಲವರಲ್ಲಿ ಮಂದವಾಗಿಯೂ ಕಂಡುಬಂದಿದೆ.

ನೋವಿನ ಚಹರೆ

ಕರುಳಿನ ಕಾರ್ಯದೋಷಗಳನ್ನು ಗುರುತಿಸಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ರೋಮ್ ಮಾನದಂಡಗಳ ನಾಲ್ಕನೆಯ ಆವೃತ್ತಿ 2016ರಲ್ಲಿ ಪ್ರಕಟವಾಯಿತು. ಅದರಂತೆ ಐಬಿಎಸ್ ಎನ್ನಬೇಕಾದರೆ ಹೊಟ್ಟೆನೋವು ಕನಿಷ್ಠ ಆರು ತಿಂಗಳ ಹಿಂದೆ ಆರಂಭವಾಗಿದ್ದು, ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೊಂದು ದಿನವಾದರೂ ಮರುಕಳಿಸಿರಬೇಕು. ಮಲವಿಸರ್ಜನೆಯೊಂದಿಗಿನ ನಂಟು, ಮಲವಿಸರ್ಜನೆಯ ಸಂಖ್ಯೆಯಲ್ಲಿ ಬದಲಾವಣೆ, ಮಲದ ಸ್ವರೂಪದಲ್ಲಿ ಬದಲಾವಣೆ ಎಂಬ ಮೂರರಲ್ಲಿ ಎರಡಾದರೂ ಅದರ ಜೊತೆಗಿರಬೇಕು. ಈ ಮಾನದಂಡವನ್ನು ಆಧರಿಸಿ 33 ದೇಶಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಅಂತರ್ಜಾಲ ಭಾಗದಲ್ಲಿ ಶೇ 4.1ರಷ್ಟು ಜನರಲ್ಲಿ ಐಬಿಎಸ್ ಕಂಡುಬಂದಿತ್ತು.

ಪಿತ್ತಕೋಶದ ನೋವಿನ ಚಹರೆ ಬೇರೆಯೇ ಆಗಿರುತ್ತದೆ. ಅದು ಹೊಟ್ಟೆಯ ಮೇಲ್ಭಾಗದ ನಡುವಿನಲ್ಲಿ ಅಥವಾ ಬಲಪಕ್ಕೆಲುಬಿನ ಕೆಳಗೆ ಕಾಣಿಸಿಕೊಂಡು, ಏರುತ್ತಾ ಹೋಗಿ, ಒಂದು ಮಟ್ಟದಲ್ಲಿ ಅರ್ಧ ಗಂಟೆಗೂ ಹೆಚ್ಚು ಕಾಲ ನಿಲ್ಲುತ್ತದೆ. ಪ್ರತಿದಿನ ಬರದೆ ದಿನಗಳ, ವಾರಗಳ ಅಂತರದಲ್ಲಿ ಬರುತ್ತದೆ. ಮಾಡುತ್ತಿರುವ ಕೆಲಸವನ್ನು ಬಿಡಿಸುವಷ್ಟು ಅಥವಾ ರಾತ್ರೋರಾತ್ರಿ ಆಸ್ಪತ್ರೆಗೆ ಹೋಗುವಂತೆ ಮಾಡುವಷ್ಟು ತೀವ್ರವಾಗಿರುತ್ತದೆ. ಬೆನ್ನಿಗೆ ಅಥವಾ ಬಲಭುಜದ ಹಿಂಬದಿಗೆ ಹರಡುವುದೂ ಉಂಟು. ಶೌಚಕ್ಕೆ ಹೋಗಿಬಂದರೆ, ಮಗ್ಗುಲು ಬದಲಿಸಿದರೆ ಅಥವಾ ‘ಗ್ಯಾಸ್ಟ್ರಿಕ್’ ಮಾತ್ರೆ ನುಂಗಿದರೆ ಅದು ಹೇಳಿಕೊಳ್ಳುವಷ್ಟು ಶಮನವಾಗುವುದಿಲ್ಲ. ಹೊಟ್ಟೆಯುಬ್ಬರ, ತೇಗು, ಎದೆಯುರಿಗಳು ಕಲ್ಲಿರುವವರಲ್ಲೂ ಇಲ್ಲದವರಲ್ಲೂ ಸಾಮಾನ್ಯವಾದ್ದರಿಂದ, ಅವನ್ನಷ್ಟೇ ನಂಬಿ ಪಿತ್ತಕೋಶವನ್ನು ದೂರುವಂತಿಲ್ಲ.

ಅಲ್ಟ್ರಾಸೌಂಡ್ ಪರೀಕ್ಷೆ ಪಿತ್ತಕೋಶದೊಳಗಿನ ಕಲ್ಲನ್ನು ಬಹುತೇಕ ತಪ್ಪದೆ ತೋರಿಸುತ್ತದೆ, ಆದರೆ ನೋವಿಗೆ ಆ ಕಲ್ಲೇ ಹೊಣೆಯೆಂದು ಹೇಳುವ ಶಕ್ತಿ ಯಂತ್ರಕ್ಕಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಿಬ್ಬಂದಿಯಲ್ಲಿ ಯಾವ ತೊಂದರೆಯೂ ಇಲ್ಲದೆ ಕಲ್ಲು ಪತ್ತೆಯಾಗಿದ್ದ 123 ಮಂದಿಯನ್ನು ದೀರ್ಘಕಾಲ ಗಮನಿಸಿ 1982ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 15 ವರ್ಷಗಳಲ್ಲಿ ಪಿತ್ತಕೋಶದ ನೋವು ಕಾಣಿಸಿಕೊಳ್ಳುವ ಸಂಭವ ಶೇ 18ರಷ್ಟು ಮಾತ್ರವಿತ್ತು. ನೋವು ಕೊಡದ ಕಲ್ಲನ್ನು ಸಾಮಾನ್ಯವಾಗಿ ಹಾಗೆಯೇ ಬಿಡಬಹುದೆಂಬ ಇಂದಿನ ನಿಲುವಿಗೆ ಬಲ ತುಂಬಿದ ಅಧ್ಯಯನಗಳಲ್ಲಿ ಇದು ಪ್ರಮುಖವಾದುದು.

ಶಸ್ತ್ರಚಿಕಿತ್ಸೆಯ ಲೆಕ್ಕಾಚಾರ

ಬರ್ಲಿನ್‌ನ ಕಾರ್ಲ್ ಲಾಂಗನ್‌ಬುಖ್ 1882ರಲ್ಲಿ ಮೊದಲ ಬಾರಿಗೆ ಪಿತ್ತಕೋಶವನ್ನು ಹೊರತೆಗೆದ ನಂತರ ಒಂದು ಶತಮಾನದವರೆಗೆ ಈ ಶಸ್ತ್ರಚಿಕಿತ್ಸೆಗೆ ಹೊಟ್ಟೆಯ ಮೇಲೆ ದೊಡ್ಡ ಗಾಯ ಅನಿವಾರ್ಯವಾಗಿತ್ತು. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಸಣ್ಣ ರಂಧ್ರಗಳ ಮೂಲಕ ನಡೆಸುವ ಲ್ಯಾಪರೊಸ್ಕೋಪಿ ವಿಧಾನವನ್ನು ಆರಂಭಿಸಿದರು. 1990ರಲ್ಲಿ ಮುಂಬಯಿಯಲ್ಲಿ ಡಾ. ಟೆಹೆಂಟನ್ ಉದ್ವಾಡಿಯಾ ಅದನ್ನು ಭಾರತಕ್ಕೆ ತಂದರು. ಈಗ ರೋಗಿ ಒಂದೆರಡು ದಿನಗಳಲ್ಲಿ ಮನೆಗೆ ಮರಳುತ್ತಾನೆ. ಶಸ್ತ್ರಚಿಕಿತ್ಸೆ ಹಗುರವಾದಷ್ಟೂ ಅದನ್ನು ಮಾಡಿಸಿಕೊಳ್ಳುವ ನಿರ್ಧಾರವೂ ಹಗುರವಾಗುವ ಅಪಾಯವಿದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರೋಗ್ಯ ತಪಾಸಣೆಗೆ ಬಂದ 89,008 ಮಂದಿಯ ಮಾಹಿತಿಯನ್ನು ವಿಶ್ಲೇಷಿಸಿ ಲಾಂಗ್‌ಸ್ಟ್ರೆತ್ ಮತ್ತು ಯಾವೊ 2004ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಐಬಿಎಸ್ ಇದ್ದವರಲ್ಲಿ ಶೇ 12.4ರಷ್ಟು ಮಂದಿ ಪಿತ್ತಕೋಶ ತೆಗೆಸಿಕೊಂಡಿದ್ದರೆ, ಇಲ್ಲದವರಲ್ಲಿ ಆ ಪ್ರಮಾಣ ಶೇ 4.1 ಮಾತ್ರವಿತ್ತು. ಅಪೆಂಡಿಕ್ಸ್ ಮತ್ತು ಗರ್ಭಕೋಶದ ಶಸ್ತ್ರಚಿಕಿತ್ಸೆಗಳೂ ಮೊದಲ ಗುಂಪಿನಲ್ಲೇ ಹೆಚ್ಚಾಗಿದ್ದವು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಅಂಗಗಳು ಒಂದೇ ಬಗೆಯ ರೋಗಿಗಳಲ್ಲಿ ಹೆಚ್ಚಾಗಿ ಕೆಟ್ಟಿರುತ್ತವೆಂದು ನಂಬುವುದಕ್ಕಿಂತ, ಕರುಳಿನ ನೋವು ಹಲವು ಬಾರಿ ಅಕ್ಕಪಕ್ಕದ ಅಂಗಗಳ ತಲೆಗೆ ಕಟ್ಟಲ್ಪಟ್ಟಿದೆಯೆಂದು ಭಾವಿಸುವುದೇ ಹೆಚ್ಚು ತರ್ಕಸಮ್ಮತ.

ನೆದರ್ಲೆಂಡ್ಸ್‌ನ 24 ಆಸ್ಪತ್ರೆಗಳಲ್ಲಿ ಕಲ್ಲು ಮತ್ತು ಹೊಟ್ಟೆನೋವು ಎರಡೂ ಇದ್ದ 1,067 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ‘ಸೆಕ್ಯೂರ್’ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಒಳಗಾದವರೂ ಆಗದವರೂ ಸೇರಿದಂತೆ ವರ್ಷದ ನಂತರ ನೋವಿನಿಂದ ಪೂರ್ತಿ ಮುಕ್ತರಾದವರು ಶೇ 60ನ್ನು ದಾಟಲಿಲ್ಲ. ಅದೇ ದೇಶದ ಮುಂದಿನ ಸಂಶೋಧನೆಯು ಕಲ್ಲಿನ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಐಬಿಎಸ್ ಅಥವಾ ಕಾರ್ಯದೋಷದ ಅಜೀರ್ಣವೂ ಇತ್ತೆಂದೂ, ಶಸ್ತ್ರಚಿಕಿತ್ಸೆಯ ನಂತರ ನೋವು ಉಳಿದವರಲ್ಲಿ ಅಂಥವರೇ ಹೆಚ್ಚೆಂದೂ ತೋರಿಸಿತು. ಬ್ರಿಟನ್ನಿನಲ್ಲಿ 434 ಮಂದಿಯನ್ನು ಒಳಗೊಂಡು 2023ರಲ್ಲಿ ಪ್ರಕಟವಾದ ‘ಸಿ-ಗಾಲ್’ ಅಧ್ಯಯನದಲ್ಲಿ, ಕಾದು ನೋಡುವ ಗುಂಪಿಗೆ ಸೇರಿದವರ ಪೈಕಿ 18 ತಿಂಗಳೊಳಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು ನಾಲ್ಕನೇ ಒಂದು ಭಾಗ ಮಾತ್ರ. ನೋವಿನ ಅಳತೆಯಲ್ಲಿ ಕಾದು ನೋಡುವ ಗುಂಪಿನವರು ಶಸ್ತ್ರಚಿಕಿತ್ಸೆಯ ಗುಂಪಿಗಿಂತ ಹಿಂದೆ ಬಿದ್ದಿರಲಿಲ್ಲ. ನಿಜವಾದ ಪಿತ್ತಕೋಶದ ನೋವು ಪದೇ ಪದೇ ಬರುವವರಿಗೆ ಶಸ್ತ್ರಚಿಕಿತ್ಸೆ ಈಗಲೂ ಉತ್ತಮ ಪರಿಹಾರವೇ ಆಗಿದೆ. ಆದರೆ ಹೊಟ್ಟೆಯುಬ್ಬರ ಮತ್ತು ಅನಿಯಮಿತ ಮಲವಿಸರ್ಜನೆಗಳು ಅದರಿಂದ ಹೋಗುತ್ತವೆಂಬ ಭರವಸೆಯನ್ನು ಯಾರೂ ಕೊಡುವಂತಿಲ್ಲ.

ದಕ್ಷಿಣದ ಕಲ್ಲು, ಬಾಳೆದಿಂಡಿನ ರಸ

ಭಾರತದಲ್ಲಿ ಪಿತ್ತಕೋಶದ ಕಲ್ಲು ಉತ್ತರದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ರೈಲ್ವೆ ವೈದ್ಯಾಧಿಕಾರಿಯಾಗಿದ್ದ ಎಸ್.ಎಲ್. ಮಲ್ಹೋತ್ರಾ ರೈಲ್ವೆ ನೌಕರರನ್ನು ಅಧ್ಯಯನ ಮಾಡಿ, ದಕ್ಷಿಣದವರಿಗಿಂತ ಉತ್ತರದವರಲ್ಲಿ ಈ ಕಾಯಿಲೆ ಸುಮಾರು ಏಳು ಪಟ್ಟು ಹೆಚ್ಚೆಂದು 1968ರಲ್ಲಿಯೇ ಬರೆದಿದ್ದರು. ಕಲ್ಲಿನ ಜಾತಿಯೂ ಬೇರೆ: ಉತ್ತರದಲ್ಲಿ ಕೊಲೆಸ್ಟರಾಲ್ ಕಲ್ಲುಗಳು ಪ್ರಧಾನವಾಗಿದ್ದರೆ, ದಕ್ಷಿಣದಲ್ಲಿ ಪಿತ್ತದ ಬಣ್ಣದ ವಸ್ತುವಿನಿಂದಾದ ಕಪ್ಪು, ಕಂದು ವರ್ಣದ ಕಲ್ಲುಗಳೂ ಮಿಶ್ರ ಕಲ್ಲುಗಳೂ ಹೆಚ್ಚಾಗಿ ದೊರೆತಿವೆ.

ಈ ವ್ಯತ್ಯಾಸಕ್ಕೆ ಚಿಕಿತ್ಸೆಯ ದೃಷ್ಟಿಯಿಂದಲೂ ಮಹತ್ವವಿದೆ. ಕಲ್ಲು ಕರಗಿಸಲು ಕೊಡುವ ಅರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಸಣ್ಣ ಕೊಲೆಸ್ಟರಾಲ್ ಕಲ್ಲುಗಳ ಮೇಲೆ ಮಾತ್ರ, ಅದೂ ತಿಂಗಳುಗಟ್ಟಲೆ ಸೇವಿಸಿದರೆ, ಒಂದಿಷ್ಟು ಪರಿಣಾಮ ಬೀರಬಲ್ಲುದು. ಬಣ್ಣದ ಕಲ್ಲು ಅದಕ್ಕೆ ಜಗ್ಗುವುದಿಲ್ಲ. ಮೂತ್ರದ ಕಲ್ಲಿಗೆಂದು ಕರಾವಳಿಯಲ್ಲಿ ಕುಡಿಯುವ ಬಾಳೆದಿಂಡಿನ ರಸ, ಹುರುಳಿ ಬೇಯಿಸಿದ ನೀರುಗಳನ್ನು ಪಿತ್ತಕೋಶದ ಕಲ್ಲಿಗೂ ಬಳಸುವವರಿದ್ದಾರೆ. ಮೂತ್ರಪಿಂಡದ ಕಲ್ಲು ಮೂತ್ರದ ಹರಿವಿನ ದಾರಿಯಲ್ಲಿರುತ್ತದೆ, ಪಿತ್ತಕೋಶಕ್ಕೂ ಆ ದಾರಿಗೂ ಸಂಪರ್ಕವೇ ಇಲ್ಲದ್ದರಿಂದ, ಎಷ್ಟು ನೀರು ಕುಡಿದರೂ ಪಿತ್ತಕೋಶದ ಕಲ್ಲು ಕೊಚ್ಚಿಹೋಗಲಾರದು. ಐಬಿಎಸ್ ಕೂಡ ಇರುವವರಲ್ಲಿ ಇಂಥ ಪಥ್ಯಗಳ ಫಲವನ್ನು ಅಳೆಯುವುದು ಮತ್ತೂ ಕಷ್ಟ. ಏಕೆಂದರೆ ಐಬಿಎಸ್ ನೋವು ತನ್ನಷ್ಟಕ್ಕೇ ಏರಿಳಿಯುತ್ತಿರುತ್ತದೆ, ಇಳಿದ ಹೊತ್ತಿನಲ್ಲಿ ಕುಡಿದ ಕಷಾಯಕ್ಕೆ ಅದರ ಕೀರ್ತಿ ಸಲ್ಲುತ್ತದೆ.

ಪಿತ್ತಕೋಶ ಹೋದ ಮೇಲೆ

ಪಿತ್ತಕೋಶ ಇಲ್ಲದಿದ್ದರೆ ಪಿತ್ತರಸ ಸಂಗ್ರಹವಾಗದೆ ಕರುಳಿಗೆ ಸತತವಾಗಿ ಹನಿಯುತ್ತದೆ. ಅದರಲ್ಲಿನ ಪಿತ್ತಾಮ್ಲಗಳ ಶೇ 95ರಷ್ಟು ಭಾಗ ಸಣ್ಣಕರುಳಿನ ಕೊನೆಯಲ್ಲಿ ಹೀರಲ್ಪಟ್ಟು ಯಕೃತ್ತಿಗೆ ಮರಳುವುದು ವಾಡಿಕೆ. ಮಿಕ್ಕಿದ್ದು ಹೆಚ್ಚಾಗಿ ದೊಡ್ಡಕರುಳಿಗೆ ಇಳಿದರೆ ಅಲ್ಲಿ ನೀರು ಒಸರುವಂತೆ ಮಾಡಿ ಅವಸರದ, ನೀರಾದ ಭೇದಿಗೆ ಕಾರಣವಾಗುತ್ತದೆ. ಭೇದಿ ಪ್ರಧಾನವಾದ ಐಬಿಎಸ್ ಎಂದು ಗುರುತಿಸಲ್ಪಟ್ಟವರಲ್ಲಿ ಸುಮಾರು ನಾಲ್ಕನೇ ಒಂದು ಭಾಗದವರಿಗೆ, ಪಿತ್ತಕೋಶ ಇದ್ದಾಗಲೂ, ಈ ಪಿತ್ತಾಮ್ಲ ಭೇದಿ ಇರುವುದೆಂದು ಅಧ್ಯಯನಗಳು ಹೇಳುತ್ತವೆ. ಪಿತ್ತಾಮ್ಲಗಳನ್ನು ಕರುಳಿನಲ್ಲೇ ಹಿಡಿದಿಡುವ ಕೊಲೆಸ್ಟೈರಮಿನ್ ಪುಡಿಯಿಂದ ಅವರಲ್ಲಿ ಹಲವರಿಗೆ ಗುಣ ಕಾಣುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ನಂತರ ಆರಂಭವಾದ ಭೇದಿಯನ್ನು ಹಳೆಯ ಐಬಿಎಸ್ ಎಂದು ಬದಿಗೆ ಸರಿಸದೆ ವೈದ್ಯರ ಮುಂದೆ ಹೇಳಬೇಕಾಗುತ್ತದೆ.

ಇನ್ನೆರಡು ಎಚ್ಚರಿಕೆಗಳೂ ಇವೆ. ಭೇದಿ ಪ್ರಧಾನ ಐಬಿಎಸ್‌ಗೆ ಅಮೆರಿಕದಲ್ಲಿ 2015ರಲ್ಲಿ ಮಂಜೂರಾದ ಎಲಕ್ಸಡೊಲಿನ್ ಎಂಬ ಔಷಧವನ್ನು ಪಿತ್ತಕೋಶ ಇಲ್ಲದವರಿಗೆ ಕೊಡಕೂಡದೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ತಿಳಿಸಿತು. ಓಡಿ ಸ್ನಾಯುಬಳೆ ಸೆಟೆದು ಮೇದೋಜೀರಕ ಗ್ರಂಥಿಯ ಉರಿಯೂತ ಉಂಟಾಗುವ ಅಪಾಯ ಅದಕ್ಕೆ ಕಾರಣ. ಪಿತ್ತಕೋಶ ತೆಗೆದ ಮೇಲೂ ಉಳಿದ ನೋವಿಗೆ ಆ ಸ್ನಾಯುಬಳೆಯನ್ನೇ ಕತ್ತರಿಸುವ ಎಂಡೊಸ್ಕೋಪಿ ಚಿಕಿತ್ಸೆಯನ್ನು 214 ಮಂದಿಯಲ್ಲಿ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ‘ಎಪಿಸೋಡ್’ ಅಧ್ಯಯನದಲ್ಲಿ, ನಿಜವಾಗಿ ಕತ್ತರಿಸಿದ ಗುಂಪಿನಲ್ಲಿ ಶೇ 23ರಷ್ಟು ಮಂದಿಗೆ, ಕತ್ತರಿಸದೆ ಕೇವಲ ನಟಿಸಿದ ಗುಂಪಿನಲ್ಲಿ ಶೇ 37ರಷ್ಟು ಮಂದಿಗೆ ಗುಣ ಕಂಡಿತು.

ಗಡಿ ದಾಟುವ ರೋಗಿ, ದಾಟದ ವೃತ್ತಾಂತ

ಇಷ್ಟೆಲ್ಲದರಲ್ಲಿ ನಿರ್ಣಾಯಕವಾಗುವುದು ನೋವಿನ ವೃತ್ತಾಂತ, ಮತ್ತು ಹೊಸಂಗಡಿಯಂಥ ಗಡಿನಾಡ ಊರಿನಲ್ಲಿ ಸುಲಭವಾಗಿ ಚದುರಿಹೋಗುವುದೂ ಅದೇ. ಇಲ್ಲಿನವರು ಮೊದಲು ಊರಿನ ಕ್ಲಿನಿಕ್‌ಗೋ ಮಂಗಲ್ಪಾಡಿಯ ತಾಲೂಕು ಆಸ್ಪತ್ರೆಗೋ ಹೋಗುತ್ತಾರೆ. ತಜ್ಞರ ಅಭಿಪ್ರಾಯ ಬೇಕಾದಾಗ ಕರ್ನಾಟಕದ ಗಡಿಯ ತಲಪಾಡಿ ದಾಟಿ ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಿಗೆ, 1848ರಲ್ಲಿ ಆರಂಭವಾದ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಅಥವಾ 1880ರಿಂದ ಸೇವೆಯಲ್ಲಿರುವ ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಗೆ ತೆರಳುತ್ತಾರೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ವೇಳೆ ಕರ್ನಾಟಕವು ಗಡಿರಸ್ತೆಗಳನ್ನು ಮುಚ್ಚಿದಾಗ ಈ ಅವಲಂಬನೆಯ ಆಳ ಎಲ್ಲರಿಗೂ ತಿಳಿಯಿತು. ವಿಷಯ ಕೇರಳ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ವರೆಗೆ ಹೋದ ಮೇಲೆ ತುರ್ತು ರೋಗಿಗಳ ಸಂಚಾರಕ್ಕೆ ವ್ಯವಸ್ಥೆಯಾಯಿತು. 2013ರಲ್ಲಿ ಶಿಲಾನ್ಯಾಸಗೊಂಡಿದ್ದ, ಕಾಸರಗೋಡು ಜಿಲ್ಲೆಯದೇ ಆದ ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡ ಆಗಲೇ ಕೋವಿಡ್ ಆಸ್ಪತ್ರೆಯಾಗಿ ಬಳಕೆಗೆ ಬಂತು.

ಐಬಿಎಸ್ ಪತ್ತೆಯಾದ ಚೀಟಿ ಒಂದು ಆಸ್ಪತ್ರೆಯಲ್ಲಿ, ಸ್ಕ್ಯಾನಿಂಗ್ ವರದಿ ಇನ್ನೊಂದರಲ್ಲಿ, ಶಸ್ತ್ರಚಿಕಿತ್ಸೆಯ ಸಲಹೆ ಮತ್ತೊಂದರಲ್ಲಿ ಉಳಿದರೆ, ಕೊನೆಯ ವೈದ್ಯರಿಗೆ ಕಾಣುವುದು ಕಲ್ಲು ಮಾತ್ರ. ತುಳು, ಕನ್ನಡ, ಮಲಯಾಳ, ಬ್ಯಾರಿ ಭಾಷೆಗಳ ನಡುವೆ ಬದುಕುವ ರೋಗಿ ನೋವನ್ನು ಒಬ್ಬೊಬ್ಬರ ಮುಂದೆ ಒಂದೊಂದು ಭಾಷೆಯಲ್ಲಿ ವಿವರಿಸುವಾಗ ಸೂಕ್ಷ್ಮಗಳು ತಪ್ಪಿಹೋಗುವುದೂ ಅಸಂಭವವಲ್ಲ. ನೋವು ಬಂದ ದಿನಾಂಕ, ಹೊತ್ತು, ಜಾಗ, ಎಷ್ಟು ಹೊತ್ತು ಇತ್ತು, ಅದಕ್ಕೂ ಮೊದಲು ತಿಂದದ್ದೇನು, ಶೌಚದ ನಂತರ ತಗ್ಗಿತೇ ಎಂಬಿಷ್ಟನ್ನು ಎರಡು ಮೂರು ತಿಂಗಳ ಕಾಲ ಒಂದು ಪುಸ್ತಕದಲ್ಲಿ ಬರೆದಿಟ್ಟು, ಹಳೆಯ ವರದಿಗಳ ಜೊತೆ ಒಯ್ಯುವುದು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಬಲ್ಲುದು.

ಕಾಯುವುದಕ್ಕೂ ಮಿತಿಯಿದೆ. ಚಳಿಜ್ವರ, ಕಣ್ಣು ಹಳದಿಯಾಗುವುದು, ಮೂತ್ರ ಗಾಢವಾಗುವುದು, ಗಂಟೆಗಟ್ಟಲೆ ಬಿಡದ ನೋವು, ನಿಲ್ಲದ ವಾಂತಿ ಇವು ಪಿತ್ತಕೋಶದ ಉರಿಯೂತ, ನಾಳದಲ್ಲಿ ಸಿಲುಕಿದ ಕಲ್ಲು ಅಥವಾ ಮೇದೋಜೀರಕ ಗ್ರಂಥಿಯ ಉರಿಯೂತವನ್ನು ಸೂಚಿಸುವುದರಿಂದ, ಐಬಿಎಸ್ ಇದ್ದವರೂ ಅಂದೇ ಆಸ್ಪತ್ರೆ ಸೇರಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ಲಕ್ಷಣಗಳನ್ನು ಐಬಿಎಸ್ ಎಂದು ಒಪ್ಪಿಕೊಳ್ಳುವ ಮುನ್ನ ಬೇರೆ ಪರೀಕ್ಷೆಗಳು ಅಗತ್ಯ. ಈ ಯಾವ ಸೂಚನೆಯೂ ಇಲ್ಲದವರು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವ ಮೊದಲು, ತಮ್ಮ ಲಕ್ಷಣಗಳಲ್ಲಿ ಯಾವುದು ಪಿತ್ತಕೋಶದ್ದು, ಯಾವುದು ಅದು ಹೋದ ಮೇಲೂ ಉಳಿಯಬಹುದು ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳುವುದು ಲೇಸು; ಆ ಉತ್ತರ ಸ್ಪಷ್ಟವಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬೇಕೆಂಬುದೂ ಸ್ಪಷ್ಟವಾಗುತ್ತದೆ, ಕರುಳಿಗೆ ಬೇಕಾದ ಚಿಕಿತ್ಸೆಯೂ ತಡವಾಗದೆ ಆರಂಭವಾಗುತ್ತದೆ.